ಬುಟ್ಟಿಯ ಕೆಳಗಿನ ಹೆಜ್ಜೆ

"ಅಜ್ಜಿ, ನೋಡು, ಅವ್ವ ಮತ್ತೆ ನಡುವೆ ಬಾಯಿ ಹಾಕಿದ್ಲು. ಒಂದು ಮಾತನ್ನೂ ಪೂರ್ತಿ ಹೇಳೋಕೆ ಬಿಡಲ್ಲ."

ಮಠದ ಜಗಲಿಯಲ್ಲಿ ವಿಭೂತಿ ಗಟ್ಟಿ ತಟ್ಟುತ್ತ ಕುಳಿತಿದ್ದ ಗುರುಸಿದ್ದಮ್ಮ ತಾಯಿ ತಲೆಯೆತ್ತಿದರು. ದೂರು ತಂದವಳು ಏಳು ವರ್ಷದ ಹುಡುಗಿ. ದೂರು ಇದ್ದದ್ದು ಅವಳ ಅವ್ವ ಶಿವಗಂಗೆಯ ಮೇಲೆ. ಶಿವಗಂಗೆ ತಾಯಿಯವರ ಶಿಷ್ಯೆ. ಪ್ರತಿ ಗುರುವಾರ ಮಠಕ್ಕೆ ಬಂದು, ಕೈಯಲ್ಲಿ ವಿಭೂತಿ ತಟ್ಟುತ್ತ ಕಿವಿಯಲ್ಲಿ ಉಪದೇಶ ಕೇಳುವವಳು. ಅವಳ ನಾಲಿಗೆ ಚುರುಕು. ತಾಯಿಯವರು ಅವಳನ್ನು ಕಟ್ಟಿರುವೆ ಎಂದು ಕರೆಯುತ್ತಿದ್ದರು. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಕಚ್ಚಿಯೇ ಬಿಡುತ್ತಿದ್ದಳು.

"ಏನು ಹೇಳ್ತಿದ್ದೆ ಕೂಸೇ?" ಎಂದರು ತಾಯಿ.

"'ಅವತ್ತು ಗಿರಣಿ ಅಳ್ತಿರಲಿಲ್ಲ' ಅಂದೆ. ಹಂಗನ್ನಬಾರದಂತೆ. 'ಕರೆಂಟ್ ಹೋಗಿತ್ತು' ಅನ್ನಬೇಕಂತೆ."

"ಮತ್ತಿನ್ನೇನು ತಾಯಿ," ಎಂದಳು ಶಿವಗಂಗೆ. "ಸೋಮವಾರ ಜಡ್ಜ್ ಮುಂದೆ ನಿಂತು ಗಿರಣಿ ಅಳ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ? ಗಿರಣಿ ಎಲ್ಲಾದ್ರೂ ಅಳುತ್ತಾ? ನಾಲ್ಕು ಮಾತು ನೆಟ್ಟಗೆ ಕಲಿಸೋಣ ಅಂದ್ರೆ ಇವಳು ನಿಮ್ಮ ಹತ್ರ ಚಾಡಿ ಹೇಳ್ತಾಳೆ."

ತಾಯಿಯವರು ಮಗುವಿನ ಕೈಗೆ ಒಂದು ಬಾಳೆಹಣ್ಣು ಕೊಟ್ಟರು. ಅಂಗಳದಲ್ಲಿ ಬೆಕ್ಕು ಮರಿ ಹಾಕಿದೆ, ಎಷ್ಟಿವೆ ಎಣಿಸಿಕೊಂಡು ಬಾ ಎಂದು ಕಳಿಸಿದರು. ಮಗು ಓಡಿತು.

ಎರಡು ವರ್ಷದ ಹಿಂದೆ, ಓಣಿಯ ಹಿಟ್ಟಿನ ಗಿರಣಿಯವನು ಆ ಮಗುವಿನೊಡನೆ ಮಾಡಬಾರದ್ದನ್ನು ಮಾಡಿದ್ದ. ಜಿಲ್ಲಾ ನ್ಯಾಯಾಲಯ ಮಗುವಿನ ಮಾತನ್ನು ಕೇಳಿ ಅವನಿಗೆ ಹತ್ತು ವರ್ಷ ಸೆರೆ ವಿಧಿಸಿತು. ಅವನು ಹೈಕೋರ್ಟಿಗೆ ಮೇಲ್ಮನವಿ ಹಾಕಿದ. ಮೇಲಿನವರು ಕಾಗದ ಓದಿದರು. ಐದು ವರ್ಷದ ಮಗುವಿನ ಹೇಳಿಕೆಯಲ್ಲಿ ಮಗುವಿನ ಮಾತೇ ಕಾಣುತ್ತಿಲ್ಲ, ಕೆಳಗಿನ ನ್ಯಾಯಾಲಯ ಇನ್ನೊಮ್ಮೆ ಕೇಳಿ, ಮಗು ಹೇಳಿದ ಹಾಗೆಯೇ ಬರೆದು ಕಳಿಸಲಿ ಎಂದರು. ಹಾಗೆ ಕೇಳುವ ದಿನವೇ ಬರುವ ಸೋಮವಾರ. ಅಂದಿನ ಮಾತು ಮೇಲಿನವರಿಗೆ ಒಪ್ಪಿಗೆಯಾಗದಿದ್ದರೆ ಅವನು ಬಿಡುಗಡೆಯಾಗಿ ಅದೇ ಓಣಿಗೆ, ಅದೇ ಗಿರಣಿಗೆ ಬರುತ್ತಾನೆ.

"ಎಲ್ಲ ಆ ಕೋರ್ಟಿನ ಗುಮಾಸ್ತನ ಕೆಲಸ," ಎಂದಳು. "ಅವತ್ತು ಕೂಸು 'ಕರೆಂಟ್ ಹೋಗಿತ್ತು' ಅಂದ್ರೆ ಅವನು 'ವಿದ್ಯುತ್ ಸಂಪರ್ಕ ಕಡಿತಗೊಂಡಿತ್ತು' ಅಂತ ಬರೆದಿದಾನೆ. ಐದು ವರ್ಷದ ಕೂಸು ಹಂಗೆ ಮಾತಾಡುತ್ತಾ? ಆ ಗಿರಣಿಯವನ ವಕೀಲ ಅದನ್ನೇ ಹಿಡ್ಕೊಂಡು, ಇದು ಯಾರೋ ಹೇಳಿಕೊಟ್ಟ ಮಾತು ಅಂತ ವಾದ ಮಾಡಿದ." ಅವಳ ದನಿ ಸಣ್ಣದಾಯಿತು. "ತಾಯಿ, ಒಂದು ಕಟ್ಟೆಯಲ್ಲಿ ತೀರಿದ ನ್ಯಾಯವನ್ನು ಇನ್ನೊಂದು ಕಟ್ಟೆ ಯಾಕೆ ಕೆದಕಬೇಕು? ಕೂಸಿನ ಮೇಲೆ ನಂಬಿಕೆ ಇಲ್ಲ ಅಂತ ತಾನೇ?"

"ಕೈ ನಿಲ್ಲಿಸಬೇಡ. ಬಾಯಿ ನಿಲ್ಲಿಸು," ಎಂದರು ತಾಯಿ. "ಒಂದು ಕತೆ ಹೇಳ್ತೀನಿ."

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಮನೆಯಲ್ಲಿ ಹೆಂಡತಿ, ಮುದಿ ತಾಯಿ. ಕೊಟ್ಟಿಗೆಯಲ್ಲಿ ಒಂದು ಕರು. ಕರುವೆಂದರೆ ಹೆಂಡತಿಗೆ ಜೀವ. ಅದರ ತಾಯಿ ಸತ್ತ ಮೇಲೆ, ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಬದುಕಿಸಿಕೊಂಡಿದ್ದಳು.

ಅದೇ ಊರಿನಲ್ಲಿ ಒಬ್ಬ ವ್ಯಾಪಾರಿ. ಬಂದು ಹೋಗುವಾಗ ಕರುವಿಗೆ ಬೆಲ್ಲದ ಚೂರು ತಿನ್ನಿಸುವನು. ಕರು ಅವನ ಕೈ ನೆಕ್ಕುವುದು.

ಒಂದು ಮಧ್ಯಾಹ್ನ ಮಳೆ ಬಂದು ನಿಂತಿತು. ರೈತನೂ ಹೆಂಡತಿಯೂ ಹೊಲದಿಂದ ಬಂದು ನೋಡಿದರೆ ಕರು ಮೂಲೆಯಲ್ಲಿ ಬಿದ್ದಿದೆ. ಯಾರೋ ಅದನ್ನು ಹಿಂಸಿಸಿದ್ದರು. ಕಾಲು ಮುರಿದಿತ್ತು. ಒಳಗೆ ಮಲಗಿದ್ದ ಮುದುಕಿಗೆ ಕರುವಿನ ಕೂಗು ಕೇಳಿರಲಿಲ್ಲ. ಬೆಲ್ಲ ಹಿಡಿದು ಬರುವ ಕೈಯನ್ನು ಕಂಡು ಯಾವ ಕರು ಕೂಗುತ್ತದೆ?

ಹಸಿ ನೆಲದಲ್ಲಿ ಎರಡು ಹೆಜ್ಜೆಗಳಿದ್ದವು. ಒಂದು ಹೊಸ್ತಿಲ ಬಳಿ. ಇನ್ನೊಂದು ಗೋದಲಿಯ ಹಿಂದೆ. ಕರುವಿಗೆ ಬಾಯಿಲ್ಲ. ಆ ಹೆಜ್ಜೆಗಳೇ ಅದರ ಬಾಯಿ.

ಆ ನಾಡಿನಲ್ಲಿ ಒಂದು ಕಟ್ಟಳೆ ಇತ್ತು. ಕೇಡು ಮಾಡಿದವನ ಹೆಜ್ಜೆ ಸಿಕ್ಕರೆ ಅದರ ಮೇಲೆ ಬುಟ್ಟಿ ಕವುಚಬೇಕು. ಊರ ಪಂಚರು ನೋಡಿದ ಮೇಲೆ ಮತ್ತೆ ಕವುಚಬೇಕು. ತಪ್ಪಿತಸ್ಥನೆನಿಸಿಕೊಂಡವನು ನಾಡ ಹಿರಿಯನ ಬಳಿಗೆ ಹೋದರೆ, ಆ ಹಿರಿಯನೂ ಬಂದು ನೋಡುವ ತನಕ ಬುಟ್ಟಿಯನ್ನು ಯಾರೂ ಎತ್ತುವಂತಿಲ್ಲ. ಮುದುಕಿ ಎರಡೂ ಹೆಜ್ಜೆಗಳಿಗೆ ಬುಟ್ಟಿ ಕವುಚಿದಳು.

ಪಂಚರು ಬಂದರು. ಎರಡೂ ಬಲಗಾಲಿನ ಹೆಜ್ಜೆಗಳು, ಎರಡರಲ್ಲೂ ನಾಲ್ಕೇ ಬೆರಳುಗಳಿದ್ದವು. ವ್ಯಾಪಾರಿಯ ಬಲಗಾಲಿನ ಕಿರುಬೆರಳು ಹುಟ್ಟಿನಿಂದಲೇ ಮೇಲಕ್ಕೆದ್ದಿತ್ತು, ನೆಲ ಮುಟ್ಟುತ್ತಿರಲಿಲ್ಲ. ಆ ಮಧ್ಯಾಹ್ನ ನಾನು ಪಕ್ಕದೂರ ಸಂತೆಯಲ್ಲಿದ್ದೆ ಎಂದ. ಹೇಳುವಾಗ ಬೆವರಿದ. ಪಂಚರು ಹೆಜ್ಜೆಯನ್ನೂ ಕಾಲನ್ನೂ ಬೆವರನ್ನೂ ನೋಡಿ, ಊರು ಬಿಟ್ಟು ಹೋಗು, ಇನ್ನು ಯಾವ ಕೊಟ್ಟಿಗೆಯ ಹೊಸ್ತಿಲನ್ನೂ ತುಳಿಯಬೇಡ ಎಂದು ತೀರ್ಪು ಕೊಟ್ಟರು. ಹೆಂಡತಿ ಇದಾವುದನ್ನೂ ನೋಡಲಿಲ್ಲ. ಅವಳು ಒಳಗೆ ಕರುವಿನ ಕಾಲಿಗೆ ಬಿದಿರ ದಬ್ಬೆ ಕಟ್ಟುತ್ತಿದ್ದಳು.

ವ್ಯಾಪಾರಿ ನಾಡ ಹಿರಿಯನ ಬಳಿಗೆ ಹೋದ. ಪಂಚರಿಗೆ ನನ್ನ ಮೇಲೆ ಹಗೆ, ತಾವೇ ಬಂದು ನೋಡಬೇಕು ಎಂದ. ಒಂದು ತಿಂಗಳಿಗೆ ಬರುತ್ತೇನೆ ಎಂದು ಹಿರಿಯ ಹೇಳಿ ಕಳಿಸಿದ.

ಹೆಂಡತಿಗೆ ಈ ಸುದ್ದಿ ಮುಟ್ಟಿತು. ನೋಡಿದ್ದನ್ನು ಮತ್ತೆ ನೋಡುವುದೇನಿದೆ ಎಂದು ಕೂಗಾಡಿದಳು.

"ನಾನೂ ಅದನ್ನೇ ಕೇಳಿದ್ದು," ಎಂದಳು ಶಿವಗಂಗೆ.

"ಕೇಳಿದ್ದಾಯ್ತು. ಈಗ ಕೇಳಿಸ್ಕೋ," ಎಂದರು ತಾಯಿ.

ಕೂಗಾಡಿ ಮುಗಿದ ಮೇಲೆ ಅವಳಿಗೆ ಭಯ ಹಿಡಿಯಿತು. ಬುಟ್ಟಿಯ ಸಂದಿಯಲ್ಲಿ ಇರುವೆ ನುಗ್ಗಿದರೆ? ಕೋಳಿ ಕೆದರಿದರೆ? ಹೊಸ್ತಿಲ ಬಳಿಯ ಬುಟ್ಟಿಯನ್ನು ಒಂದಿಷ್ಟೇ ಎತ್ತಿ ನೋಡಿದಳು. ಹೆಜ್ಜೆಯ ಒಂದು ಅಂಚು ಉದುರಿತ್ತು. ಮನಸ್ಸು ತಡೆಯಲಿಲ್ಲ. ನೀರು ಚಿಮುಕಿಸಿ ಬೆರಳಿನಿಂದ ಒತ್ತಿ ಸರಿಮಾಡಿದಳು. ಮರುದಿನ ಹಿಮ್ಮಡಿ ಮಾಸಿದಂತೆ ಕಂಡಿತು. ಅದನ್ನೂ ತೀಡಿದಳು. ಇನ್ನೊಂದು ದಿನ ಎಣಿಸಿ ನೋಡಿದರೆ ಕಿರುಬೆರಳಿಲ್ಲ. ಅಯ್ಯೋ, ಅಳಿಸಿಹೋಗಿದೆ ಎಂದುಕೊಂಡಳು. ತನ್ನ ಬೆರಳನ್ನೇ ಒತ್ತಿ ಕಿರುಬೆರಳನ್ನು ಮಾಡಿದಳು. ಹೀಗೆ ತಿಂಗಳು ಕಳೆಯುವುದರೊಳಗೆ ಹೆಜ್ಜೆ ಕಂಚಿನ ಅಚ್ಚಿನಂತಾಯಿತು. ಒಂದು ದಿನವೂ ಅವಳ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಕರುವಿನ ಮೇಲಿನ ಅಕ್ಕರೆ ಒಂದೇ ಇತ್ತು.

ಗೋದಲಿಯ ಹಿಂದಿನ ಬುಟ್ಟಿಗೂ ಕೈ ಹಾಕಲು ಹೋದಳು. ಮುದುಕಿ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕುಳಿತಿದ್ದಳು.

"ಅತ್ತೆ, ಬಿಡಿ. ಒಳಗೆ ಅದು ಮಾಸಿ ಹೋಗಿರುತ್ತೆ."

"ಮಾಸಲಿ ಬಿಡು. ಮಾಸಿದರೂ ಅದು ಅದೇ ಹೆಜ್ಜೆ."

ನಾಡ ಹಿರಿಯ ಬಂದ. ಹೊಸ್ತಿಲ ಬಳಿಯ ಹೆಜ್ಜೆಯನ್ನು ಬಹಳ ಹೊತ್ತು ನೋಡಿದ. ವ್ಯಾಪಾರಿ ತಾನಾಗಿಯೇ ಪಕ್ಕದಲ್ಲಿ ಕಾಲೂರಿ ಎತ್ತಿದ. ಅವನ ಹೆಜ್ಜೆಯಲ್ಲಿ ನಾಲ್ಕು ಬೆರಳು, ಹೊಸ್ತಿಲ ಹೆಜ್ಜೆಯಲ್ಲಿ ಐದು. ವ್ಯಾಪಾರಿ ನಕ್ಕ.

"ತುಂಬ ಚಂದದ ಹೆಜ್ಜೆ," ಎಂದ ಹಿರಿಯ. "ಇಂಥ ಕಾಲಿನವನು ಈ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ."

ಹೆಂಡತಿ ಅವನ ಕಾಲಿಗೆ ಬಿದ್ದಳು. "ಸ್ವಾಮಿ, ಕರುವಿಗೋಸ್ಕರ ಮಾಡಿದೆ. ಪಂಚರು ಎಲ್ಲ ನೋಡಿ ಹೇಳಿದ್ದರಲ್ಲ, ಅವರ ಮಾತಿಗೆ ಬೆಲೆಯಿಲ್ಲವೆ?"

"ಇದೆ ತಾಯಿ. ಅವರು ಹಸಿ ಹೆಜ್ಜೆ ನೋಡಿದರು. ಅವನ ಮುಖ ನೋಡಿದರು. ಆ ದಿನ ಇನ್ನು ಬರುವುದಿಲ್ಲ. ನನ್ನ ಪಾಲಿಗೆ ಉಳಿದದ್ದು ಒಣಗಿದ ಹೆಜ್ಜೆ ಒಂದೇ. ಅದನ್ನಾದರೂ ನನಗೆ ಬಿಡಬೇಕಿತ್ತು."

ಅವನು ಹಿಂದಿರುಗಲು ಎದ್ದ. ಆಗ ಮುದುಕಿ ಚಾಪೆ ಸುತ್ತಿಟ್ಟು, ಗೋದಲಿಯ ಹಿಂದಿನ ಬುಟ್ಟಿಯನ್ನು ತೋರಿಸಿದಳು.

ಹಿರಿಯ ಬಗ್ಗಿ ಬುಟ್ಟಿ ಎತ್ತಿದ. ಕೆಳಗಿದ್ದ ಹೆಜ್ಜೆ ಸೊಟ್ಟಗಿತ್ತು. ಹಿಮ್ಮಡಿಯಲ್ಲಿ ಇರುವೆ ಗೂಡು ಮಾಡಿತ್ತು. ಒಂದು ಬದಿ ಕುಸಿದಿತ್ತು. ಆದರೆ ಮುಂದೆ ನಾಲ್ಕು ಬೆರಳುಗಳಿದ್ದವು. ಐದನೆಯದು ಇರಬೇಕಾದಲ್ಲಿ ನೆಲ ಸಪಾಟಾಗಿತ್ತು, ಮಳೆ ಬಿಟ್ಟುಹೋದ ಹಾಗೆಯೇ.

ವ್ಯಾಪಾರಿಯ ನಗು ನಿಂತಿತು.

"ಇದನ್ನು ಯಾರೂ ಮುಟ್ಟಿಲ್ಲ ಎನ್ನುವುದಕ್ಕೆ ಇದರ ಸೊಟ್ಟೇ ಸಾಕ್ಷಿ," ಎಂದ ಹಿರಿಯ. "ಪಂಚರ ತೀರ್ಪು ನಿಂತಿತು. ಇನ್ನು ಅದನ್ನು ಯಾರೂ ಅಲ್ಲಾಡಿಸಲಾರರು. ಎರಡನೆಯ ಸಲ ನೋಡುವುದು ಅದಕ್ಕೇ."

ತಾಯಿಯವರು ಕತೆ ಮುಗಿಸಿ ಕೈ ಒರೆಸಿಕೊಂಡರು.

ಶಿವಗಂಗೆ ಇನ್ನೊಂದು ಗಟ್ಟಿ ಕೈಗೆತ್ತಿಕೊಂಡಳು.

"ಆ ಹೆಂಡತಿ ಎಂಥ ಪೆದ್ದಿ ತಾಯಿ," ಎಂದಳು. "ಇದ್ದದ್ದನ್ನ ಇದ್ದ ಹಾಗೆ ಬಿಡೋಕೆ ಅವಳಿಗೇನಾಗಿತ್ತು? ನಮ್ಮ ಗುಮಾಸ್ತನದೂ ಅದೇ ರೋಗ. ಅವನ ಬೆರಳು ಕಟ್ಟಿಹಾಕಬೇಕು." ಹೇಳುತ್ತಲೇ ಕೈಯಲ್ಲಿದ್ದ ವಿಭೂತಿ ಗಟ್ಟಿಯ ಮೇಲೆ ಕಂಡ ಒಂದು ಸಣ್ಣ ಬಿರುಕನ್ನು ಹೆಬ್ಬೆರಳಿನಿಂದ ತೀಡಿ ನಯ ಮಾಡಿದಳು.

ಮಗು ಅಂಗಳದಿಂದ ಓಡಿ ಬಂದಿತು. "ಅಜ್ಜಿ, ಮೂರು ಮರಿ ಮತ್ತೆ ಒಂದು ಬಾಲ ಐತೆ."

"ನಾಲ್ಕು ಮರಿ ಅನ್ನು," ಎಂದಳು ಶಿವಗಂಗೆ.

"ಇಲ್ಲ. ಮೂರು ಮರಿ, ಒಂದು ಬಾಲ. ಬಾಲ ಅಷ್ಟೇ ಕಂಡದ್ದು. ಉಳಿದದ್ದು ಬೆಕ್ಕಿನ ಕೆಳಗೈತೆ."

ತಾಯಿಯವರು ನಗುತ್ತ ಮಗುವನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು. ಇನ್ನೊಂದು ಕೈ ಚಾಚಿ ಶಿವಗಂಗೆಯ ಕೈಯಿಂದ ಗಟ್ಟಿಯನ್ನು ಬಿಡಿಸಿಕೊಂಡು ಕೆಳಗಿಟ್ಟರು. ಅವಳ ಬೆರಳುಗಳಿಗೆ ಅಂಟಿದ ಬೂದಿಯನ್ನು ತಮ್ಮ ಸೆರಗಿನಿಂದಲೇ ಒಂದೊಂದಾಗಿ ಒರೆಸಿದರು.

"ಅವಳು ಪೆದ್ದಿಯಲ್ಲ ಕಟ್ಟಿರುವೆ, ಅಕ್ಕರೆ ಜಾಸ್ತಿ ಅಷ್ಟೇ," ಎಂದರು. "ಆದರೆ ಗುಮಾಸ್ತ ಬಂದದ್ದು ಆಮೇಲೆ. 'ಗಿರಣಿ ಅಳ್ತಿರಲಿಲ್ಲ' ಅನ್ನೋ ಹೆಜ್ಜೆಗೆ ಮೊದಲು ಬೆರಳು ಹಾಕಿದವರು ಯಾರು ಮಗಳೇ?"