ಅಧ್ಯಕ್ಷರ ಮೊಹರು

ಟೈಲರ್ ಜಲಜಾಕ್ಷಿಗೆ ಜಾದು ಅಪ್ಪನಿಂದ ಬಂದ ವಿದ್ಯೆ. ಹೊಲಿಗೆಗೆ ಗಿರಾಕಿ ಕಡಿಮೆಯಾದಾಗ, ಓಣಿ ಸಂಘದ ಕಟ್ಟಡದ ತನ್ನ ಬಾಡಿಗೆ ಕೋಣೆಯಲ್ಲೇ ಹೊಸಬರಿಗೆ ಜಾದು ಕಲಿಸತೊಡಗಿದಳು. ತಿಂಗಳಿಗೊಂದು ಚಂದಾ, ತಿಂಗಳಿಗೊಂದು ಪಾಠ. ಕೋಣೆ ತುಂಬಿತು.

ಇದು ಸಂಘದ ಅಧ್ಯಕ್ಷ ಪುಟ್ಟಸೋಮಯ್ಯನವರ ಕಣ್ಣು ಕುಕ್ಕಿತು. ಅವರು ಸಂಘದ ಮೊಹರನ್ನು ಹೆಂಡತಿಯ ಕೈಗೂ ಕೊಡದೆ ಜೇಬಿನಲ್ಲೇ ಇಟ್ಟುಕೊಂಡು ತಿರುಗುವ ಆಸಾಮಿ. ಒಂದು ದಿನ ನೋಟಿಸ್ ಹಿಡಿದು ಬಂದೇಬಿಟ್ಟರು.

"ನೋಡಮ್ಮಾ, ವರ್ಷದ ಪಾಠವೆಲ್ಲ ಇವತ್ತೇ ನನಗೆ ಪುಕ್ಕಟೆ ಕಲಿಸಬೇಕು. ಇಲ್ಲಾಂದ್ರೆ ಇದಕ್ಕೆ ಮೊಹರು ಒತ್ತಿ ಕೋಣೆ ಖಾಲಿ ಮಾಡಿಸ್ತೀನಿ!" ಎಂದು ಮೊಹರನ್ನು ಅವಳ ಮೂಗಿನ ಮುಂದೆ ಆಡಿಸಿದರು.

"ಅಯ್ಯೋ, ಅದಕ್ಕೇನಂತೆ ಯಜಮಾನ್ರೇ! ಮೊದಲ ಪಾಠ ಪುಕ್ಕಟೆ. ಆ ಮೊಹರನ್ನೇ ಕೊಡಿ, ಅದರಲ್ಲೇ ಶುರು ಮಾಡೋಣ."

ಕಲಿಯುವ ಆಸೆಗೆ ಅಧ್ಯಕ್ಷರು ಕೊಟ್ಟೇಬಿಟ್ಟರು. ಜಲಜಾಕ್ಷಿ ಅದರ ಮೇಲೆ ಲೈನಿಂಗ್ ಬಟ್ಟೆ ಹೊದಿಸಿ, ಉಫ್ ಎಂದು ಊದಿ ಕೊಡವಿದಳು. ಮೊಹರು ಮಾಯ! ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

"ಭೇಷ್! ಸರಿ, ಈಗ ಮೊಹರು ಕೊಡು."

"ಅದು ಹೇಗಾಗುತ್ತೆ ಯಜಮಾನ್ರೇ? ಮಾಯ ಮಾಡೋದು ಮೊದಲನೇ ತಿಂಗಳ ಪಾಠ. ವಾಪಸ್ ತರೋದು ಎರಡನೇ ತಿಂಗಳದ್ದು."

ಅಧ್ಯಕ್ಷರು ಮೊಹರಿಲ್ಲದ ನೋಟಿಸನ್ನು ಒಮ್ಮೆ ನೋಡಿದರು. ಮೆಲ್ಲಗೆ ಮಡಚಿ ಜೇಬಿಗಿಟ್ಟುಕೊಂಡರು.

"ಚಂದಾ ಎಷ್ಟು ತಾಯೀ?"