ಗಡಿಗೆ ತಟ್ಟುವವಳು

ವೈದ್ಯಶಾಸ್ತ್ರ ಓದುತ್ತಿದ್ದ ಶಿಷ್ಯ ಶಂಭುಲಿಂಗ ಗುರುಗಳನ್ನು ಕೇಳಿದ:

"ಗುರುಗಳೇ, ಮೈ ಕಾದಾಗ ಜೀವಕೋಶಗಳು ಕೆಡದಂತೆ ಕಾಯುವ ಪ್ರೋಟೀನುಗಳು ನಮ್ಮೊಳಗಿವೆ. ನನ್ನ ರಕ್ತ ಪರೀಕ್ಷಿಸಿದಾಗ, ಆ ಕಾಯುವವುಗಳನ್ನೇ ಹಿಡಿಯುವ ಪ್ರತಿಕಾಯಗಳು ಸಿಕ್ಕವು. ಕಾಯಿಲೆಯಿಲ್ಲದ ಎಷ್ಟೋ ಜನರಲ್ಲೂ ಅವು ಇರುತ್ತವಂತೆ. ಆದರೂ ನನಗೆ ನೆಮ್ಮದಿಯಿಲ್ಲ. ನನ್ನ ಮೈಯೇ ನನ್ನನ್ನು ನಂಬದಿದ್ದರೆ ಹೇಗೆ? ಇವನ್ನು ಓಡಿಸಲು ಮದ್ದಿಲ್ಲವೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಗಡಿಗೆ ಸುಟ್ಟು, ಆವಿಗೆಯ ಗೂಡು ತೆರೆದಾಗಲೆಲ್ಲ ಅವನ ಹೆಂಡತಿ ಒಂದೊಂದನ್ನೇ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳುತ್ತಿದ್ದಳು. ಬಿರುಕಿನ ದನಿ ಬಂದದ್ದನ್ನು ಪಕ್ಕಕ್ಕಿಡುತ್ತಿದ್ದಳು. ಕುಂಬಾರನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಒಂದು ಸಂತೆಯ ದಿನ ಕೊಳ್ಳುವವರ ಎದುರಿಗೇ ಅವಳು ತಟ್ಟಿದಳು. ಅವನು ಸಿಡಿದ.

"ನನ್ನ ಮನೆಯಲ್ಲಿದ್ದುಕೊಂಡು ನನ್ನ ಕೈಯನ್ನೇ ಅನುಮಾನಿಸುತ್ತೀಯಾ? ಇನ್ನು ನನ್ನ ಗಡಿಗೆ ಮುಟ್ಟಬೇಡ."

"ಬೆಂಕಿ ಹೊಕ್ಕು ಬಂದದ್ದನ್ನು ಹೇಗಿದ್ದೀಯೆಂದು ಒಮ್ಮೆ ಕೇಳಬಾರದೇ?" ಎಂದಷ್ಟೇ ಹೇಳಿ ಅವಳು ತವರಿಗೆ ಹೊರಟುಹೋದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಈ ಪುಣ್ಯಾತ್ಮ ದೊಣ್ಣೆಯನ್ನು ನಾಲಗೆಯಲ್ಲೇ ಇಟ್ಟುಕೊಂಡಿದ್ದ.

ಮೊದಮೊದಲು ಹಾಯೆನಿಸಿತು. ಆಮೇಲೆ, ಒಲೆಯ ಮೇಲಿಟ್ಟ ಗಡಿಗೆ ಸೋರಿತೆಂದು ಜನ ವಾಪಸು ತರತೊಡಗಿದರು. ತಾನೇ ತಟ್ಟಿ ನೋಡಿದ. ಹೆತ್ತವರಿಗೆ ಹೆಗ್ಗಣ ಮುದ್ದು. ಅವನ ಕಿವಿಗೆ ಎಲ್ಲವೂ ಗಟ್ಟಿಯೆಂದೇ ಕೇಳಿಸಿತು. ಬರಬರುತ್ತಾ ಗಡಿಗೆ ಹೋದರೆ ಹೋಗಲಿ, ಅವಳು ತಟ್ಟುವ ಸದ್ದೊಂದು ಕೇಳಿದರೆ ಸಾಕೆನಿಸಿತು. ಆವಿಗೆ ತೆರೆದು, ಅದರ ಮುಂದೆ ಕಿವಿಗೊಟ್ಟು ಸುಮ್ಮನೆ ಕುಳಿತಿರುತ್ತಿದ್ದ. ಕೊನೆಗೊಂದು ದಿನ ಗಡಿಗೆಯೊಂದನ್ನು ಹೆಗಲ ಮೇಲಿಟ್ಟುಕೊಂಡು ನಡೆದು, ಅವಳ ತವರಿನ ಹೊಸ್ತಿಲ ಬಳಿ ಇಳಿಸಿ, "ಒಂದೇ ಒಂದು ಸಲ ತಟ್ಟು" ಎಂದು ಬೇಡಿಕೊಂಡ. ಬಾಗಿಲು ಮುಚ್ಚಿತ್ತು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಂಭುಲಿಂಗನಿಗೆ ಆ ಮುಚ್ಚಿದ ಬಾಗಿಲ ಮುಂದೆ ತಾನೇ ನಿಂತಂತಾಯಿತು.

"ಅವಳು ಮರಳಿ ಬಂದಳೇ, ಗುರುಗಳೇ?" ಎಂದ.

"ಅವನ ಮನೆಯ ಸುದ್ದಿ ಬಿಡಪ್ಪಾ; ನಿನ್ನ ಮನೆಯಲ್ಲಿ ಅವಳು ಇನ್ನೂ ತಟ್ಟುತ್ತಿದ್ದಾಳೆ, ಓಡಿಸಲು ಮದ್ದು ಕೇಳುತ್ತಿರುವವನು ನೀನು."