ಎಡದ ಬಳ್ಳಿ, ಬಲದ ಬಳ್ಳಿ

“ರಾಜಕುಮಾರಿ ಚೆಲುವಾಜಮ್ಮನ ಬಳಿ ಒಂದು ಚಿತ್ತಾರದ ಹಾಳೆಯಿದೆ. ಅದರ ಮೂರು ಒಗಟು ಒಡೆದವನಿಗೆ ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡುತ್ತೇವೆ. ತಪ್ಪಿದವನ ತಲೆ ಉಳಿಯದು” ಎಂದು ಕೆಂಬಾಳಿನ ದೊರೆ ಡಂಗುರ ಸಾರಿಸಿದ.

ಆ ಹಾಳೆ ಕಾಳಾಚಾರಿಯದು. ತಾಮ್ರದ ತಗಡಿನಲ್ಲಿ ಹೂಬಳ್ಳಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತುವುದು ಅವನ ಕಸುಬು. ಒಡವೆ ಪೆಟ್ಟಿಗೆಯ ಕೆಲಸಕ್ಕೆ ಅರಮನೆಗೆ ಬಂದಾಗ ಆ ಕಸುಬನ್ನು ಕುಮಾರಿಗೆ ಒಮ್ಮೆ ಬಿಡಿಸಿ ಹೇಳಿದ್ದ. ಆಮೇಲೆ ಈ ಹಾಳೆ ಕಳಿಸಿದ. ದೊರೆಗೆ ಅದರಲ್ಲಿ ಅದೇನು ಪ್ರೇಮ ಕಂಡಿತೋ, ಬಡಪಾಯಿಯ ತಲೆ ತೆಗೆಸಿದ. ಕುಮಾರಿಗೂ ಪ್ರೇಮವೇ ಕಂಡಿತ್ತು. ಅಂದಿನಿಂದ ಮದುವೆಯ ಮಾತೆತ್ತಿದರೆ, ಇದನ್ನು ಓದಿದವನೇ ನನ್ನ ಗಂಡ ಎನ್ನುತ್ತಿದ್ದಳು.

ಮೂವರು ರಾಜಕುಮಾರರು ಬಂದರು. ಮೂವರೂ ಶಾಸ್ತ್ರ ಅರೆದು ಕುಡಿದವರೇ. ಒಬ್ಬ ಮೊದಲ ಒಗಟಿಗೇ ಸೋತ, ಇನ್ನೊಬ್ಬ ಎರಡನೆಯದಕ್ಕೆ. ಮೂರನೆಯವನು ಕೊನೆಯ ಒಗಟಿನ ತನಕ ಬಂದು, ಅದು ಹಗಲು ರಾತ್ರಿಯ ಸಂಕೇತವೆಂದು ದೊಡ್ಡ ವ್ಯಾಖ್ಯಾನ ಮಾಡಿದ. ಅವನ ತಲೆಯೂ ಉರುಳಿತು.

ಆಮೇಲೆ ಬಂದವನು ಕಾಳಾಚಾರಿಯ ತಮ್ಮ ಈರಾಚಾರಿ. ಊರೆಲ್ಲ ಅವನನ್ನು ದ್ರೋಹಿಯ ತಮ್ಮ ಎನ್ನುತ್ತಿತ್ತು. ಅಣ್ಣನ ಮೇಲಿನ ಆ ಕಳಂಕ ಅಳಿಸಬೇಕೆಂದೇ ಅವನು ಜೀವದಾಸೆ ಬಿಟ್ಟು ಬಂದಿದ್ದ.

“ಎಡಬಲ ಅದಲುಬದಲಾಗಿ ಹುಟ್ಟಿ, ಆಮೇಲೆ ನೆಟ್ಟಗಾಗುವುದು ಯಾವುದು?” ಎಂದು ಕುಮಾರಿ ಕೇಳಿದಳು.

ತಗಡಿನಲ್ಲಿ ತಿರುಗುಮುರುಗಾಗಿ ಕೊರೆದದ್ದು ಕಾಗದದ ಮೇಲೆ ಸರಿಯಾಗಿ ಮೂಡುತ್ತದೆ ಎಂದ ಈರಾಚಾರಿ.

“ಮೈಮೇಲಿನ ಗಾಯದಲ್ಲೇ ಬಣ್ಣ ಇಟ್ಟುಕೊಂಡಿರುವುದು ಯಾವುದು?”

ಅದೇ ತಗಡು ಎಂದ. ಮೇಲಿನ ಮಸಿಯನ್ನು ಒರೆಸಿದರೂ ಉಳಿ ಕೊರೆದ ಗೆರೆಯಲ್ಲಿ ಅದು ನಿಲ್ಲುತ್ತದೆ.

“ಎಡದ ಬಳ್ಳಿಯಲ್ಲಿ ಅರಳಿದ ಹೂವು, ಬಲದ ಬಳ್ಳಿಯಲ್ಲಿ ಬರೀ ಮೊಗ್ಗು. ಒಂದೇ ಚಿತ್ತಾರದ ಎರಡು ಮಗ್ಗುಲು ಯಾಕೆ ಬೇರೆ?” ಎಂದು ಹಾಳೆಯನ್ನು ಅವನ ಮುಂದೆ ಹಿಡಿದಳು.

“ತಾಯಿ, ತಾಮ್ರ ದುಬಾರಿ. ಅದಕ್ಕೇ ನಾವು ಒಂದೇ ತಗಡಿನಾಗೆ ಎರಡು ಮಾದರಿ ಕೊರೀತೀವಿ. ಯಾವುದು ಬೇಕೋ ಆರಿಸಿ ಅಂತ ಕಳಿಸ್ತೀವಿ. ನಿಮ್ಮ ಒಡವೆ ಪೆಟ್ಟಿಗೆ ಮುಚ್ಚಳಕ್ಕೆ ಯಾವುದು ಹಾಕಲಿ ಅಂತ ನಮ್ಮಣ್ಣ ಕೇಳಿದ್ದ. ಅಷ್ಟೇ.”

ಗಂಟು ಬಿಚ್ಚಿ ಅಣ್ಣನ ಬೇರೆ ಹಾಳೆಗಳನ್ನು ಹರಡಿದ. ಶೆಟ್ಟರ ಬಾಗಿಲಿನದು, ಮದುವೆಯ ಪಲ್ಲಕ್ಕಿಯದು. ಎಲ್ಲದರಲ್ಲೂ ಎಡ ಒಂದು ಥರ, ಬಲ ಒಂದು ಥರ.

ದೊರೆ ತಲೆ ತಗ್ಗಿಸಿದ. ಕುಮಾರಿಗೆ ಉಳಿದಿದ್ದದ್ದು ಸತ್ತವನ ಪ್ರೀತಿಯೊಂದೇ. ಈಗ ಅದೂ ಇರಲಿಲ್ಲ. ಆದರೂ ಉತ್ತರ ಸರಿಯೆಂದು ಅವಳೇ ಒಪ್ಪಿಕೊಂಡಳು.

ಈರಾಚಾರಿ ಕುಮಾರಿಯನ್ನೂ ಬಯಸಲಿಲ್ಲ, ರಾಜ್ಯವನ್ನೂ ಬಯಸಲಿಲ್ಲ. ಅಣ್ಣ ನಿರಪರಾಧಿಯೆಂದು ಊರೂರಲ್ಲಿ ಸಾರಿಸಿ ಎಂದ. ಅಂದೇ ಸಾರಿಸಿದರು.

ಹೊರಟವನನ್ನು ಕುಮಾರಿ ತಡೆದು, ನಿಮ್ಮಣ್ಣ ನನ್ನ ಉತ್ತರಕ್ಕೆ ಕಾಯುತ್ತಿದ್ದರೇ ಎಂದು ಕೇಳಿದಳು.

“ಯಾಕೆ ಹಿಡ್ಕೊಂಡು ಹೋಗ್ತಿದಾರೆ ಅಂತ ಅವನಿಗೇ ಗೊತ್ತಿರಲಿಲ್ಲ, ತಾಯಿ. ಅರಮನೆಯಿಂದ ಯಾರಾದ್ರೂ ಬಂದ್ರೆ ಎಡವೋ ಬಲವೋ ಕೇಳಿಟ್ಕೋ, ಬಂದು ಕೊರೀತೀನಿ ಅಂದ.”

ಅವಳು ಹಾಳೆಯಲ್ಲಿ ಅರಳಿದ ಹೂವಿನ ಮೇಲೆ ಬೆರಳಿಟ್ಟಳು.

“ಎಡದ್ದು,” ಎಂದಳು.